ಬಸ್ಸಿನ ಹುಲುಗಮ್ಮ, ರೈಲಿನ ಪ್ರಶ್ನೆಗಳು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯ ಸ್ಟವ್ ಈಗಷ್ಟೇ ಹೊತ್ತಿಕೊಂಡಿದೆ. ಕುರುಗೋಡು ಮಾರ್ಗವಾಗಿ ಬಳ್ಳಾರಿಗೆ ಹೋಗುವ ಮೊದಲ ಬಸ್ಸಿನ ಬಾಗಿಲಲ್ಲಿ ನಿಂತು ಹುಲುಗಮ್ಮ ಒಂದೇ ಉಸಿರಿಗೆ ಊರುಗಳ ಹೆಸರು ಕೂಗುತ್ತಾರೆ. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷಿನ್. ಸೊಪ್ಪಿನ ಗಂಟು ತಂದ ಹೆಂಗಸರಿಗೆ ಮುಂದೆ ಜಾಗ ಮಾಡಿಕೊಡುತ್ತಾರೆ. ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಮುದುಕಿಯೊಬ್ಬಳಿಗೆ ಬೆರಳು ಸಾಗದಿದ್ದಾಗ ತಾವೇ ಗಂಟು ಬಿಚ್ಚಿ ಫ್ರೀ ಟಿಕೆಟ್ ಹರಿದುಕೊಡುತ್ತಾರೆ. ಎರಡು ಸಲ ಸೀಟಿ. ಬಸ್ಸು ಹೊರಡುತ್ತದೆ.

ಊರು ದಾಟಿ ಎರಡೂ ಕಡೆ ಭತ್ತದ ಗದ್ದೆ ಬಂದಾಗ ಹುಲುಗಮ್ಮ ತಮ್ಮ ಸೀಟಿನಲ್ಲಿ ಕೂರುತ್ತಾರೆ. ಚೀಲದಿಂದ ಉದ್ದನೆಯ ನೋಟ್‌ಬುಕ್ ಹೊರಬರುತ್ತದೆ. ಅಲುಗಾಡುವ ಬಸ್ಸಿನಲ್ಲೂ ಅಕ್ಷರ ನೆಟ್ಟಗಿವೆ. 'ಕೊನೆಯ ಬೋಗಿಯ ಹಿಂದೆ ದೊಡ್ಡ ಗುಣಾಕಾರದ ಗುರುತಿರುತ್ತದೆ. ರೈಲು ನಿಲ್ಲದೆ ಸಾಗುವ ನಿಲ್ದಾಣದಲ್ಲಿ ಅದನ್ನು ನೋಡಲೆಂದೇ ಹೊರಗೆ ಬಂದು ನಿಲ್ಲುವವರು ಯಾರು?' ಇದು ಬರುವ ಭಾನುವಾರದ ನಾಲ್ಕನೆಯ ಪ್ರಶ್ನೆ.

ಪ್ರತಿ ಭಾನುವಾರ ಸಂಜೆ ಏಳಕ್ಕೆ 'ಹಳಿ ಬಳಗ' ಎಂಬ ವಾಟ್ಸ್ಆ್ಯಪ್ ಗುಂಪಿಗೆ ಇಂಥ ಹತ್ತು ಪ್ರಶ್ನೆಗಳು ಬರುತ್ತವೆ. ರೈಲು ಎಂದರೆ ಪ್ರಾಣ ಬಿಡುವ ನಾನೂರಕ್ಕೂ ಹೆಚ್ಚು ಜನ ಅಲ್ಲಿ ಕಾದಿರುತ್ತಾರೆ. ಇಂಜಿನ್ನಿನ ಸದ್ದು ಕೇಳಿಯೇ ಅದರ ಜಾತಿ ಹೇಳುವವರು, ರಜೆ ಹಾಕಿ ಹೊಸ ಮಾರ್ಗದ ಮೊದಲ ಗಾಡಿ ಹತ್ತುವವರು ಅವರು. ಅವರಿಗೆಲ್ಲ ಪ್ರಶ್ನೆ ಹಾಕುವ ಈ ನಲವತ್ತಾರು ವರ್ಷದ ಕಂಡಕ್ಟರ್ ಹುಟ್ಟಿದ್ದು ಸಿರಿಗೇರಿಯಲ್ಲಿ, ಬಾಳುತ್ತಿರುವುದು ಸಿರುಗುಪ್ಪದಲ್ಲಿ. ಎರಡೂ ಊರಿಗೆ ರೈಲಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಬಳ್ಳಾರಿಗೆ ಬಂದಾಗ ರೈಲ್ವೆ ಗೇಟು ಹಾಕಿದ್ದರಂತೆ. ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ನಿಂತ ಹುಡುಗಿಗೆ ಕಡೆಯ ಡಬ್ಬಿಯಲ್ಲಿ ನಿಂತಿದ್ದ ಗಾರ್ಡ್ ಹಸಿರು ಬಾವುಟ ಬೀಸಿದ. "ನನಗಽ ಬೀಸ್ಯಾನ ಅಂದ್ಕಂಡೆ. ಮನಿಗಿ ಹೋಗಿ ಎಲ್ಲಾರಿಗೂ ಅದನ್ನಽ ಹೇಳಿದ್ದೆ," ಎಂದು ನಗುತ್ತಾರೆ. ಕಂಡಕ್ಟರ್ ಆದ ಮೇಲೆ ಪ್ರಯಾಣಿಕರೊಬ್ಬರು ಬಸ್ಸಿನಲ್ಲಿ ಬಿಟ್ಟುಹೋದ ರೈಲ್ವೆ ವೇಳಾಪಟ್ಟಿಯನ್ನು ಹುಲುಗಮ್ಮ ಡಿಪೋದಲ್ಲಿ ಒಪ್ಪಿಸಿದರು. ಮೂರು ತಿಂಗಳು ಕಳೆದರೂ ಯಾರೂ ಕೇಳಲಿಲ್ಲ. ಅದನ್ನು ಮನೆಗೆ ತಂದು, ಕತೆ ಓದಿದಂತೆ ಓದಿದರು. ಆಮೇಲೆ ಗ್ರಂಥಾಲಯದ ಪುಸ್ತಕಗಳು, ಆಮೇಲೆ ಮೊಬೈಲು, ಆಮೇಲೆ ಬಳಗ.

ಹದಿನಾರು ವರ್ಷದ ನೌಕರಿ ಸುಲಭದ್ದಲ್ಲ. ದಿನಕ್ಕೆ ಎರಡು ಸಲ ಬಳ್ಳಾರಿಗೆ ಹೋಗಿ ಬರಬೇಕು, ಇನ್ನೂರು ಕಿಲೋಮೀಟರಿಗೂ ಮಿಗಿಲು. ಅದರಲ್ಲಿ ಮುಕ್ಕಾಲು ಪಾಲು ನಿಂತೇ ಕಳೆಯುತ್ತದೆ. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದಾರೆ. ದಾರಿಯಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯವಿಲ್ಲವೆಂದು ಮಧ್ಯಾಹ್ನದವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಗಂಡ ಪಂಪಾಪತಿ ಗದ್ದೆ ನೋಡಿಕೊಳ್ಳುತ್ತಾರೆ. ಭಾನುವಾರ ಸಂಜೆ ಮಾತ್ರ ಅಡುಗೆ ಅವರದು, ಹೆಂಡತಿಯನ್ನು ಮಾತಾಡಿಸುವಂತಿಲ್ಲ.

ಬಳಗದಲ್ಲಿ ಅವರ ಹೆಸರು 'ಎಚ್. ಸಿರಿಗೇರಿ'. ಮುಖದ ಜಾಗದಲ್ಲಿ ಇಂಜಿನ್ನಿನ ಚಿತ್ರ. ನಿವೃತ್ತ ರೈಲ್ವೆ ಅಧಿಕಾರಿ ಇರಬೇಕೆಂದುಕೊಂಡು ಎಲ್ಲರೂ 'ಸರ್' ಎನ್ನುತ್ತಿದ್ದರು. ಹುಲುಗಮ್ಮ ತಿದ್ದಲಿಲ್ಲ. ಕಂಡಕ್ಟರ್ ಎಂದರೆ ಪ್ರಶ್ನೆಗೆ ಬೆಲೆ ಕಡಿಮೆಯಾದೀತು ಎಂಬ ಅಳುಕಿತ್ತು. ಆ ಅಳುಕು ಹೋದದ್ದು ಮೂರು ವರ್ಷದ ಹಿಂದೆ.

ಅಂದು ವರ್ಷದ ಕೊನೆಯ ಸುತ್ತು. ಬಹುಮಾನ ಸದಸ್ಯರೊಬ್ಬರು ಮರದಲ್ಲಿ ಕೆತ್ತಿದ ಮೊಳದುದ್ದದ ಉಗಿ ಇಂಜಿನ್. ಇಬ್ಬರು ಸಮ ಬಂದಿದ್ದರು: ಬಳ್ಳಾರಿಯ ಪಾರ್ವತಿನಗರದ ಎಂಜಿನಿಯರ್ ಅಮರೇಶ್ ಮತ್ತು ಕುರುಗೋಡಿನ ಟೈಲರ್ ಅರುಣಾ. ಉಳಿದದ್ದು ಒಂದೇ ಪ್ರಶ್ನೆ. ಹಳಿ ಕಾಯುತ್ತ ನಡೆಯುವ ಕೀಮನ್‌ಗೆ, ಹಳಿಯನ್ನು ಬಿಗಿಹಿಡಿದ ಕೀಲಿ ಸಡಿಲಾಗಿರುವುದು ಮೊದಲು ಗೊತ್ತಾಗುವುದು ಯಾವುದರಿಂದ? ಕಣ್ಣೋ, ಕಿವಿಯೋ, ಕಾಲೋ? ಅಮರೇಶ್ ಕಣ್ಣು ಎಂದರು, ಅರುಣಾ ಕಿವಿ ಎಂದರು. ಹುಲುಗಮ್ಮ ಓದಿದ್ದ ಪುಸ್ತಕದಲ್ಲಿ ಕಣ್ಣು ಎಂದಿತ್ತು. ಸೋಮವಾರ ಬೆಳಿಗ್ಗೆಯೇ ಇಂಜಿನ್ ಅಮರೇಶ್ ಮನೆ ಸೇರಿತು.

ಅದೇ ಬೆಳಿಗ್ಗೆ ಬಸ್ಸಿನಲ್ಲಿ ಹುಲುಗಮ್ಮ ಈ ಕತೆಯನ್ನು ಡ್ರೈವರ್ ವಿರೂಪಾಕ್ಷಿಗೆ ಹೇಳುತ್ತಿದ್ದರು. ಕುರುಗೋಡಿನಲ್ಲಿ ಮಗಳನ್ನು ಮಾತಾಡಿಸಿಕೊಂಡು ಬಸ್ಸು ಹತ್ತಿದ್ದ ಮುದುಕರೊಬ್ಬರು ಮುಂದಿನ ಸೀಟಿನಿಂದ ತಿರುಗಿ ನೋಡಿದರು.

"ಅಲ್ಲಮ್ಮಾ, ಕಣ್ಣಲ್ಲ," ಎಂದರು. "ಮೂವತ್ತಾರು ವರ್ಷ ಕೀಮನ್ ಇದ್ದೆ ನಾನು. ಕಣ್ಣಿಗಿ ಬಿತ್ತಂದ್ರೆ ತಡ ಆತು ಅಂತ ತಿಳ್ಕ. ಸುತ್ತಿಗಿ ಬಡದಾಗ ಬರೋ ಸಪ್ಪಳನಽ ಮೊದ್ಲು ಹೇಳ್ತೈತಿ."

ಅವರು ಸಂಗನಕಲ್ಲಿನ ಎರ್ರಣ್ಣ. ಹುಲುಗಮ್ಮ ಯಾರಿಗೂ ಹೇಳದೆ ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ವಾರದ ರಜೆ ಬಂದ ಗುರುವಾರ ಅವರು ಸಂಗನಕಲ್ಲಿನಲ್ಲಿ ಎರ್ರಣ್ಣನ ಮನೆ ಹುಡುಕಿಕೊಂಡು ಹೋದರು. ಎರ್ರಣ್ಣ ಅಂಗಳದಲ್ಲಿ ಎರಡು ಗುದ್ದಲಿ ಇಟ್ಟರು. ಒಂದರ ಮರದ ಕಾವು ಬಿಗಿ, ಇನ್ನೊಂದರದು ಸಡಿಲು. ಹುಲುಗಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಕಬ್ಬಿಣದ ತುಂಡಿನಿಂದ ಒಂದೊಂದಾಗಿ ತಟ್ಟಿದರು. ಬಿಗಿಯಾದದ್ದು ಠಣ್ ಎಂದಿತು, ಸಡಿಲಾದದ್ದು ಒಡಕು ಮಡಕೆಯಂತೆ ಸದ್ದು ಮಾಡಿತು. ಆರು ಸಲವೂ ಹುಲುಗಮ್ಮ ಸರಿಯಾಗಿ ಹೇಳಿದರು. ಚಹಾ ಕುಡಿಯುವಾಗ ಎರ್ರಣ್ಣ ತಮ್ಮ ಸೊಸೆಗೆ, ಇಷ್ಟು ವರ್ಷದಲ್ಲಿ ತನ್ನ ಕೆಲಸ ಹೇಗೆಂದು ಕೇಳಲು ಮನೆಗೆ ಬಂದವರು ಇವರೊಬ್ಬರೇ ಎಂದರಂತೆ.

ಆ ಸಂಜೆಯೇ ಹುಲುಗಮ್ಮ ಬಳಗಕ್ಕೆ ಬರೆದರು: ಉತ್ತರ ತಪ್ಪಾಗಿದೆಯೆಂದು ಸಂಗನಕಲ್ಲಿನ ಕೀಮನ್ ಎರ್ರಣ್ಣ ತೋರಿಸಿಕೊಟ್ಟರು, ತಪ್ಪು ನನ್ನದು, ಗೆದ್ದವರು ಅರುಣಾ. ಗುಂಪಿನಲ್ಲಿ ಬೆಂಕಿ ಬಿತ್ತು. ಪುಸ್ತಕವನ್ನು ಬಿಟ್ಟು ಯಾರೋ ಮುದುಕನ ಮಾತು ನಂಬುವುದೇ ಎಂದರು. ಮೂವತ್ತೊಂದು ಜನ ಗುಂಪು ಬಿಟ್ಟರು. ಅಮರೇಶ್ ನೇರವಾಗಿ, ಸರ್, ನೀವು ರೈಲ್ವೆಯಲ್ಲಿ ಯಾವ ಹುದ್ದೆಯಲ್ಲಿದ್ದಿರಿ ಎಂದು ಕೇಳಿದರು. ಹುಲುಗಮ್ಮ, ತಾನು ಹೆಂಗಸು, ಸಿರುಗುಪ್ಪದ ಬಸ್ಸಿನ ಕಂಡಕ್ಟರ್, ತಮ್ಮೂರಿಗೆ ರೈಲೇ ಇಲ್ಲ ಎಂದು ಬರೆದು, ಖಾಕಿ ಅಂಗಿಯ ಫೋಟೊ ಹಾಕಿದರು. ಮುಂದಿನ ಭಾನುವಾರದ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಹದಿನಾಲ್ಕೇ ಜನ.

ಒಂಬತ್ತು ದಿನ ಕಳೆದ ಮೇಲೆ ಬಳ್ಳಾರಿಯಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಹುಲುಗಮ್ಮನ ಬಸ್ಸು ಹತ್ತಿದರು. ತೊಡೆಯ ಮೇಲೆ ಟವೆಲ್ ಸುತ್ತಿದ ಗಂಟು. ಕುರುಗೋಡಿಗೆ ಒಂದು ಟಿಕೆಟ್ ಕೇಳಿದರು, ಕೊಟ್ಟ ಮೇಲೂ ಹುಲುಗಮ್ಮನ ಮುಖವನ್ನೇ ನೋಡಿದರು.

"ಅಕ್ಕಾ, ನಾನು ಅಮರೇಶ್. ನಿನ್ನೆ ಸಂಗನಕಲ್ಲಿಗೆ ಹೋಗಿದ್ದೆ," ಎಂದರು. "ಅಜ್ಜ ನನ್ನ ಕಣ್ಣೂ ಮುಚ್ಚಿಸಿದ್ರು. ಇದು ಅರುಣಾ ಅವರದು. ನಾನಽ ಕೈಯಾರೆ ಕೊಟ್ಟು ಬರ್ತೀನಿ."

ಹುಲುಗಮ್ಮ ಮುಂದಿನ ಸ್ಟಾಪಿನಲ್ಲಿ ಸೀಟಿ ಊದುವುದನ್ನೇ ಮರೆತರೆಂದು ವಿರೂಪಾಕ್ಷಿ ಇಂದಿಗೂ ಆಡಿಕೊಳ್ಳುತ್ತಾರೆ. ಕುರುಗೋಡಿನಲ್ಲಿ ಅರುಣಾ ಬಸ್ ನಿಲ್ದಾಣಕ್ಕೇ ಬಂದು ಇಂಜಿನ್ ತೆಗೆದುಕೊಂಡರು. ಈಗದು ಅವರ ಹೊಲಿಗೆ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಬಿಟ್ಟು ಹೋದವರಲ್ಲಿ ಹೆಚ್ಚಿನವರು ಬಳಗಕ್ಕೆ ಮರಳಿದರು.

ಆ ವಾರದಿಂದ ಹುಲುಗಮ್ಮ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಕೆಲಸ ಮಾಡಿದವರನ್ನು ಕೇಳದೆ ಪ್ರಶ್ನೆ ಹಾಕುವಂತಿಲ್ಲ. ಬಳ್ಳಾರಿಯಲ್ಲಿ ಬಸ್ಸು ನಿಲ್ಲುವ ಮುಕ್ಕಾಲು ಗಂಟೆಯಲ್ಲಿ ಅವರು ಗೇಟ್‌ಮನ್, ಬೋಗಿಗೆ ನೀರು ತುಂಬುವವರು, ಹಮಾಲರು, ನಿಲ್ದಾಣ ಗುಡಿಸುವವರು ಎಲ್ಲರನ್ನೂ ಮಾತಾಡಿಸುತ್ತಾರೆ. ಪ್ರತಿ ಉತ್ತರದ ಕೆಳಗೆ 'ಹೇಳಿದವರು' ಎಂದು ಅವರ ಹೆಸರು ಇರುತ್ತದೆ. ಮೂರು ವರ್ಷದಲ್ಲಿ ಅಂಥ ನೂರಾ ಎಂಬತ್ತೇಳು ಹೆಸರುಗಳಾಗಿವೆ. "ಪುಸ್ತಕದಾಗ ಇರಾದು ಎಲ್ಲಾರಿಗೂ ಸಿಕ್ತೈತ್ರಿ. ಇವರ ಹೆಸರು ಎಲ್ಲಿ ಸಿಕ್ತೈತಿ?" ಎನ್ನುತ್ತಾರೆ ಹುಲುಗಮ್ಮ.

ಬಸ್ಸು ಬಳ್ಳಾರಿ ತಲುಪುವಷ್ಟರಲ್ಲಿ ಬಿಸಿಲು ಏರಿದೆ. ಕೊನೆಯ ಪ್ರಯಾಣಿಕರು ಇಳಿದ ಮೇಲೆ, ಮುಂದೇನು ಆಸೆ ಎಂದು ಕೇಳಿದರೆ ಹುಲುಗಮ್ಮ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ.

"ಸ್ಟೇಷನ್ ಹಳದಿ ಬೋರ್ಡಿನ ಮ್ಯಾಲೆ ಊರ ಹೆಸರ ಕೆಳಗ ಸಮುದ್ರದಿಂದ ಎಷ್ಟು ಎತ್ತರ ಅಂತ ಬರ್ದಿರ್ತಾರಲ್ರಿ? ಎಷ್ಟೋ ಊರಿಂದು ನನಗ ಬಾಯಿಪಾಠ ಐತಿ. ನಮ್ಮ ಸಿರುಗುಪ್ಪದ್ದು ಕೇಳಾಕ ಬರಂಗಿಲ್ಲ, ಬೋರ್ಡಽ ಇಲ್ಲ," ಎನ್ನುತ್ತಾರೆ. "ಎಂದಾದ್ರೂ ರೈಲು ಬಂದ್ರೆ, ಅದೊಂದು ಪ್ರಶ್ನಿ ನಾನಽ ಕೇಳ್ಬೇಕು. ಅಷ್ಟಽ."