ಕೈಗವಸಿಲ್ಲದ ಕೈ

ದೆವ್ವ, ಪ್ರೇತ ಅಂತ ಯಾರಾದರೂ ಶುರುಮಾಡಿದರೆ ನನಗೆ ಮೊದಲು ನಗು, ಆಮೇಲೆ ಸಿಟ್ಟು ಬರುತ್ತಿತ್ತು. ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನೀವು ನನ್ನ ಬಾಯಿ ಮುಚ್ಚಿಸಬಹುದು. ಆದರೆ ಪೂರ್ತಿ ಕೇಳಿ.

2017ರ ಜೂನ್. ನಾವಾಗ ಕೆನಡಾದ ಮಾರ್ಕಮ್‌ನಲ್ಲಿದ್ದೆವು. ನನಗೂ ಗಂಡ ಸುಧೀಂದ್ರನಿಗೂ ಸ್ಕೂಬಾ ಡೈವಿಂಗಿನ ಹುಚ್ಚು ಹಿಡಿದಿತ್ತು. ಒಂದು ಶನಿವಾರ ಬೆಳಿಗ್ಗೆ, ಬಹಳ ಹಿಂದೆ ಲೇಕ್ ಒಂಟಾರಿಯೊದಲ್ಲಿ ಮುಳುಗಿದ ಹಾಯಿಹಡಗೊಂದನ್ನು ನೋಡಲು ಬಾಡಿಗೆ ದೋಣಿಯಲ್ಲಿ ಹೋದೆವು. ಇದ್ದದ್ದು ನಾವಿಬ್ಬರು ಮತ್ತು ದೋಣಿಯವನು, ಅಷ್ಟೇ. ಬೇಸಿಗೆಯಾದರೂ ತಳದ ನೀರು ಕೊರೆಯುತ್ತಿತ್ತು. ದಪ್ಪ ಕೈಗವಸು ಇಲ್ಲದಿದ್ದರೆ ಬೆರಳು ಮರಗಟ್ಟಿಬಿಡುತ್ತವೆ.

ದೋಣಿಯ ಹಗ್ಗ ಹಿಡಿದು ಇಳಿದೆವು. ಹಡಗಿನ ಕಬ್ಬಿಣದ ಒಲೆ ಕೂಡ ಹಾಗೇ ಇತ್ತು. ಅದನ್ನು ನೋಡುತ್ತ ಮೈಮರೆತು ಕಾಲಾಡಿಸಿದ್ದಕ್ಕೆ ತಳದ ಕೆಸರೆಲ್ಲ ಎದ್ದಿತು. ಸುಧೀಂದ್ರ ಕಾಣೆಯಾದ, ಹಗ್ಗವೂ ಕಾಣಲಿಲ್ಲ.

ಜೊತೆಗಾರ ತಪ್ಪಿದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಮೇಲೆ ಹೋಗಬೇಕು. ಡೈವಿಂಗ್ ತರಗತಿಯಲ್ಲಿ ಬಡಿದು ಬಡಿದು ಕಲಿಸಿದ್ದರು. ಆದರೆ ನನ್ನ ತಲೆಗೆ ಬಂದದ್ದು, ಚಿಕ್ಕಂದಿನಲ್ಲಿ ಮಾರ್ಕೆಟ್ಟಿನ ಗದ್ದಲದಲ್ಲಿ ಅಮ್ಮ ಹೇಳುತ್ತಿದ್ದ ಮಾತು: "ಕಳೆದುಹೋದ್ರೆ ಇದ್ದಲ್ಲೇ ನಿಂತ್ಕೋ, ನಾವೇ ಬಂದು ಹುಡುಕ್ತೀವಿ." ದಡ್ಡಿಯ ಹಾಗೆ ಒಲೆ ಹಿಡಿದು ನಿಂತೇ ಇದ್ದೆ. ಗಾಳಿಯ ಮೀಟರಿನ ಮುಳ್ಳು ಕೆಂಪಿಗೆ ಬಂತು. ಸತ್ತೆ ಅಂದುಕೊಂಡೆ.

ಆಗ ಕೆಸರೊಳಗಿಂದ ಒಂದು ಕೈ ಬಂದು ನನ್ನ ಬಲಗೈ ಹಿಡಿಯಿತು. ಬರಿಗೈ. ಇವನೊಬ್ಬ, ಗ್ಲೌಸ್ ಎಲ್ಲಿ ಕಳೆದುಕೊಂಡನೋ ಎಂದು ಬೈದುಕೊಂಡೇ ಅದರ ಹಿಂದೆ ಹೋದೆ. ಹಗ್ಗ ಸಿಕ್ಕಿತು. ಎಡಗೈಯಲ್ಲಿ ಅದನ್ನು ಹಿಡಿದು, ಮೇಲಿನ ಬೆಳಕನ್ನೇ ನೋಡುತ್ತ ಏರಿದೆ. ಬಲಗೈಯನ್ನು ಅವನು ಬಿಟ್ಟಿರಲಿಲ್ಲ.

ದೋಣಿಯ ಏಣಿ ಹತ್ತಿ ತಲೆಯೆತ್ತಿದರೆ, ಎದುರಿಗೆ ಸುಧೀಂದ್ರ! ಮತ್ತೆ ಇಳಿಯಲು ಹೊಸ ಸಿಲಿಂಡರ್ ಕಟ್ಟಿಕೊಳ್ಳುತ್ತಿದ್ದ. ಎರಡೂ ಕೈಯಲ್ಲಿ ಗ್ಲೌಸ್.

"ಎಲ್ಲೇ ಹೋಗಿದ್ದೆ? ನಾನು ಬಂದು ಹತ್ತು ನಿಮಿಷ ಆಯ್ತು!" ಅಳುತ್ತಿದ್ದ.

"ಮತ್ತೆ ಕೆಳಗಿರೋದು ಯಾರೋ?" ಎಂದೆ.

ಇಳಿದವರು ಇಬ್ಬರು, ಹತ್ತಿದವರೂ ಇಬ್ಬರು ಎಂದ ದೋಣಿಯವನು. ಸುತ್ತ ಬೇರೆ ದೋಣಿಯೇ ಇರಲಿಲ್ಲ.

"ಆಳದಲ್ಲಿ ನೈಟ್ರೋಜನ್ ತಲೆಗೇರಿ ಭ್ರಮೆ ಆಗಿರತ್ತೆ ಕಣೇ," ಎಂದು ಸುಧೀಂದ್ರ ಇವತ್ತಿಗೂ ಹೇಳುತ್ತಾನೆ. ಇರಬಹುದು. ನನಗೇನೂ ಗೊತ್ತಾಗುತ್ತಿಲ್ಲ. ಆದರೆ ಅವನಿಗೂ ಹೇಳದ ಒಂದು ಮಾತಿದೆ. ಏಣಿ ಹತ್ತಲು ಎರಡೂ ಕೈ ಬೇಕಿತ್ತು. ಬಲಗೈ ಎಳೆದುಕೊಂಡೆ, ಅದು ಬಿಡಲಿಲ್ಲ. ತಾನೂ ಮೇಲೆ ಬರಬೇಕು ಅನ್ನುವ ಹಾಗೆ ಇನ್ನೂ ಗಟ್ಟಿಯಾಗಿ ಹಿಡಿಯಿತು. ನಾನು ಕಾಲಿನಿಂದ ಒದ್ದು ಬಿಡಿಸಿಕೊಂಡು ಬಂದೆ.