ವೈಂಡಿಂಗ್ ಅಂಗಡಿಯಲ್ಲಿ ಕಲಿತ ರಿಯಾಕ್ಟ್

ಮದ್ದೂರು ಬಸ್‌ ನಿಲ್ದಾಣದ ಹಿಂದೆ ಯಾರೋ ಹೊಸದಾಗಿ ಮೋಟಾರ್ ವೈಂಡಿಂಗ್ ಅಂಗಡಿ ತೆರೆದಿದ್ದಾರೆ. ಸುಟ್ಟ ಮೋಟಾರಿಗೆ ಮತ್ತೆ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ವಾಸನೆಗೆ ಜನ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಇವತ್ತು ಬೆಳಗ್ಗೆ ಕಾಲೇಜಿಗೆ ಹೋಗುವಾಗ ನಾನು ಮಾತ್ರ ನಿಂತು ಒಂದು ಉಸಿರು ಎಳೆದುಕೊಂಡೆ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ನಾನು ಕಲಿತದ್ದು ಈ ವಾಸನೆಯಲ್ಲಿ ಎಂದರೆ ನೀವು ನಗುತ್ತೀರಿ. ನಗಿ, ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಬಿಸಿಎ ಪಠ್ಯಕ್ಕೆ ರಿಯಾಕ್ಟ್ ಬಂತು. ಪ್ರಿನ್ಸಿಪಾಲರು ಕರೆದು, ಮುಂದಿನ ಸೋಮವಾರದಿಂದ ನೀವೇ ಪಾಠ ಶುರು ಮಾಡಿ, ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಆ ‘ಬೇರೆಯವರು’ ಎಂಬ ಮಾತು ಚುರುಕ್ಕೆನಿಸಿತು. ಆಗದೆ ಏನು ಸಾರ್ ಎಂದು ಜಂಬದಿಂದ ಹೊರಬಂದೆ. ರಿಯಾಕ್ಟ್ ಎಂದರೇನೆಂದೇ ಗೊತ್ತಿರಲಿಲ್ಲ.

ನನ್ನ ಮಟ್ಟಿಗೆ ಕಲಿಯುವುದೆಂದರೆ ಬರೆಯುವುದು. ಇನ್ನೂರು ಪುಟದ ನೋಟ್‌ಬುಕ್ ತಂದೆ, ಸ್ಕೇಲಿಟ್ಟು ಮಾರ್ಜಿನ್ ಹಾಕಿದೆ, ಶೀರ್ಷಿಕೆಗೆ ಕೆಂಪು ಶಾಯಿ. ಪರದೆಯ ಮೇಲಿದ್ದ ಪ್ರೋಗ್ರಾಮುಗಳನ್ನೆಲ್ಲ ಮುತ್ತು ಪೋಣಿಸಿದಂತೆ ನಕಲು ಮಾಡಿದೆ. ಶುಕ್ರವಾರಕ್ಕೆ ಪುಸ್ತಕ ಅರ್ಧ ತುಂಬಿತು. ಆಮೇಲೆ ಕಂಪ್ಯೂಟರಿನಲ್ಲಿ ಸ್ವಂತವಾಗಿ ಮಾಡಲು ಕೂತರೆ ಒಂದೂ ಓಡಲಿಲ್ಲ.

ಆಗ ನೆನಪಾದವಳು ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ. ಮಳವಳ್ಳಿಯಲ್ಲಿ ಅಪ್ಪನ ವೈಂಡಿಂಗ್ ಅಂಗಡಿಯ ಮೂಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅವಳಿಗೆ ಫೋನ್ ಮಾಡಲು ಕೈ ಹಿಂಜರಿಯಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳ ಪ್ರೋಗ್ರಾಂ ಸರಿಯಾಗಿಯೇ ಓಡಿತ್ತು. ನಾನು ಬರೆಸಿದಂತೆ ಇಲ್ಲವೆಂದು ಹತ್ತು ಅಂಕ ಕತ್ತರಿಸಿದ್ದೆ. ಆದರೂ ಫೋನ್ ಮಾಡಿ, ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆ.

ಅವಳು ನೋಟ್‌ಬುಕ್ ತಿರುವಿ, ಅಕ್ಷರ ಚೆನ್ನಾಗಿದೆ ಎಂದಳು. ಅಷ್ಟೇ. ಸುಟ್ಟ ಮೋಟಾರಿನ ಸುರುಳಿ ಬಿಚ್ಚಿ ಸುತ್ತು ಎಣಿಸುತ್ತಿದ್ದ ಅವಳಪ್ಪ ತಲೆ ಎತ್ತಿದರು.

“ಬಾಯ್ಪಾಠ ಮಾಡ್ಕಂಡು ಮೋಟ್ರು ಕಟ್ಟಕ್ಕಾದದಾ ಮೇಡಂ? ಸುಟ್ಟೋಗಿರದ್ನ ಬಿಚ್ತಾ ಬಿಚ್ತಾ ಎಣಿಸ್ಬೇಕು. ಬಿಚ್ಚಿದ್ ಕೈಗೇ ಕಟ್ಟದು ಗೊತ್ತಾಯ್ತದೆ.”

ಮಗಳ ಪಾಠವೂ ಅದೇ. ಹಲಗೂರು ಬಸ್ಸುಗಳ ಪಟ್ಟಿ ತೋರಿಸುವ ಪುಟವೊಂದನ್ನು ಕೊಟ್ಟು, ಅದರ ಪ್ರೋಗ್ರಾಮಿನಿಂದ ಒಂದೊಂದೇ ಸಾಲು ತೆಗೆಸಿದಳು. ಎಲ್ಲಿ ಕೆಟ್ಟಿತೋ ಅಲ್ಲಿ, ಯಾಕೆ ಎಂದು ಕೇಳಿದಳು. ಆಮೇಲೆ ನಾನು ಪಟ್ಟಿಗೆ ಹೊಸ ಬಸ್ಸು ಸೇರಿಸಿದರೆ ಅದು ಪರದೆಗೆ ಬರಲೊಲ್ಲದು. ಹಳೆಯ ಪಟ್ಟಿಗೇ ತುರುಕಿದರೆ ರಿಯಾಕ್ಟ್ ತಿರುಗಿಯೂ ನೋಡುವುದಿಲ್ಲ, ಹೊಸ ಪಟ್ಟಿ ಮಾಡಿ ಅದರ ಕೈಗಿಡಬೇಕು ಎಂದು ಕಂಡುಕೊಳ್ಳಲು ಒಂದು ಗಂಟೆ ಹಿಡಿಯಿತು. ಪರದೆಗೆ ಬಸ್ಸು ಬಂದದ್ದೇ ಚಪ್ಪಾಳೆ ತಟ್ಟಿಬಿಟ್ಟೆ. ಕಾಯುತ್ತಿದ್ದ ರೈತರೊಬ್ಬರು ತಮ್ಮ ಮೋಟಾರೇ ಸರಿಹೋಯಿತೆಂದು ಎದ್ದು ನಿಂತರು.

ಭಾನುವಾರವೂ ಹೋದೆ. ಸಂಜೆ ಹೊರಡುವಾಗ ಕೊನೆಗೂ ಬಾಯಿಬಿಟ್ಟೆ.

“ಆವತ್ತು ನಿನ್ ಪ್ರೋಗ್ರಾಂ ಸರಿಯಾಗೇ ಇತ್ತು ಕಣವ್ವ. ತಪ್ಪು ನಂದು.”

“ಗೊತ್ತು ಮೇಡಂ. ಆವತ್ತೇ ಗೊತ್ತಿತ್ತು” ಎಂದಳು. ಆಮೇಲೆ ನಕ್ಕಳು. ಆ ನಗು ಬರುವವರೆಗೆ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಸೋಮವಾರ ತರಗತಿಯಲ್ಲಿ ನಾನು ಮಾಡಿ ತೋರಿಸುತ್ತಿದ್ದ ಪುಟ ನಡುವೆಯೇ ನಿಂತುಹೋಯಿತು. ಹಿಂದಿನ ನಾನಾಗಿದ್ದರೆ ಕಂಪ್ಯೂಟರ್ ಆರಿಸಿ ನೋಟ್ಸ್ ಬರೆಸುತ್ತಿದ್ದೆ. ಯಾಕೆ ನಿಂತಿತೋ ನನಗೂ ಗೊತ್ತಿಲ್ಲ, ಬನ್ನಿ ಬಿಚ್ಚಿ ನೋಡೋಣ ಎಂದೆ. ಹಿಂದಿನ ಬೆಂಚಿನವರೇ ಮೊದಲು ಎದ್ದು ಬಂದರು. ಪಾಠ ಬೇರೆಯವರಿಗೆ ಹೋಗದೆ ನನ್ನ ಬಳಿಯೇ ಉಳಿಯಿತು.

ಇವತ್ತು ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಬೆಳಕವಾಡಿಯಿಂದ ಬರುವ ಹುಡುಗಿಯೊಬ್ಬಳ ಪ್ರೋಗ್ರಾಂ ನಾನು ಹೇಳಿಕೊಟ್ಟಂತೆ ಇರಲೇ ಇಲ್ಲ. ನಾನು ಬಗ್ಗಿ ನೋಡಿದ್ದಕ್ಕೇ ಅವಳ ಮುಖ ಬಿಳಿಚಿಕೊಂಡಿತು. ಓಡಿಸು ಎಂದೆ. ಓಡಿತು. ಹೇಗೆಂದು ನನಗೆ ಹೊಳೆಯಲಿಲ್ಲ. ಪೂರ್ತಿ ಅಂಕ ಬರೆದು, ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

“ಈಗ ನಂಗೂ ಹೇಳ್ಕೊಡವ್ವ.”