ಹೊದಿಸಿ ಕರೆತಂದದ್ದು

...ಅಥವಾ ಆ ಮಾತು ಹೇಳಿದ್ದು ನಾನಲ್ಲ, ಹಿರಿಯ ಸಿಸ್ಟರ್ ಇರಬಹುದು. "ಹೊದಿಸಿ ಕರ್ಕೊಂಡು ಬಂದಿದ್ದು ಒಳ್ಳೇದೇ ಆಯ್ತು." ಈ ವಾಕ್ಯ ನನಗೆ ನನ್ನ ದನಿಯಲ್ಲೂ ಕೇಳಿಸುತ್ತದೆ, ಅವರ ದನಿಯಲ್ಲೂ ಕೇಳಿಸುತ್ತದೆ. ಅವರನ್ನೇ ಕೇಳಿದೆ. "ನೀನೇ ಹೇಳಿದ್ದು ಮಾರಾಯ್ತಿ, ನಾನು ಬಾಯಿ ಬಿಟ್ಟಿಲ್ಲ" ಅಂದರು. ಅವರ ನೆನಪನ್ನು ಯಾಕೆ ನಂಬಬೇಕು? ನನ್ನದನ್ನಾದರೂ ಯಾಕೆ? ಯಾರೋ ಹೇಳಿದ್ದಂತೂ ನಿಜ. ಸತ್ತ ಹೆಂಡತಿಯ ಮಂಚದ ಪಕ್ಕ ನಿಂತಿದ್ದ ಗಂಡನಿಗೆ ಹೇಳಿದ್ದು. ಅದು ಸುಳ್ಳು ಎಂದು ನಮಗಿಬ್ಬರಿಗೂ ಗೊತ್ತಿತ್ತು.

ನಾನು ಕಳಸದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಕಟ್ಟಡ ಅದು. ದಪ್ಪ ಗೋಡೆ, ಚಿಕ್ಕ ಕಿಟಕಿ. ವಾರ್ಡಿನ ಚಾವಣಿಯಲ್ಲಿ ಫ್ಯಾನಿಗೆ ಕೊಕ್ಕೆ ಕೂಡ ಇರಲಿಲ್ಲ, ಬೀರುವಿನ ತುಂಬ ಕಂಬಳಿ. ನಮ್ಮ ಕಡೆ ಜ್ವರ ಅಂದರೆ ಚಳಿಜ್ವರ. ಮೈ ಬಿಸಿಯಾದರೆ ಹೊದಿಸುತ್ತಾರೆ, ಮೆಣಸಿನ ಕಷಾಯ ಕುಡಿಸುತ್ತಾರೆ, ಒಲೆಯ ಹತ್ತಿರ ಮಲಗಿಸುತ್ತಾರೆ. ಬಿಸಿಲನ್ನು ನಾವು ಕಾಯಿಸಿಕೊಳ್ಳುತ್ತೇವೆ, ಬೆಂಕಿ ಕಾಯಿಸಿಕೊಂಡ ಹಾಗೆ. ಬಿಸಿಲು ಬಡಿಯುವುದೇನಿದ್ದರೂ ಬಯಲುಸೀಮೆಯವರಿಗೆ.

ಅದು ಕಾಳುಮೆಣಸಿನ ಕೊಯ್ಲು ಮುಗಿಯುತ್ತಿದ್ದ ಸಮಯ. ಆ ವರ್ಷ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಂದಿರಲಿಲ್ಲ. ಆಕೆ ಒಂದು ಎಸ್ಟೇಟಿನ ಆಳು. ಬೆಳಗಿನಿಂದ ಸಿಮೆಂಟಿನ ಕಣದಲ್ಲಿ ಮೆಣಸು ಹರಡುತ್ತಿದ್ದವಳು ಮಧ್ಯಾಹ್ನದ ಮೇಲೆ ಕುಸಿದು ಕೂತಳಂತೆ. ವಾಂತಿ ಮಾಡಿದಳಂತೆ, ಏನೇನೋ ಮಾತಾಡಿದಳಂತೆ, ಆಮೇಲೆ ನಡುಗಲು ಶುರು. ಈ ಎಲ್ಲ 'ಅಂತೆ'ಗಳೂ ಗಂಡ ಹೇಳಿದವು. ನಾನು ನೋಡಿದ್ದು ಜೀಪು ಬಂದ ಮೇಲಿನದು ಮಾತ್ರ. ಟಾರ್ಪಾಲಿನ ಪರದೆಗಳನ್ನು ಎಲ್ಲ ಕಡೆ ಇಳಿಬಿಟ್ಟಿದ್ದರು. ಹಿಂದಿನ ಪರದೆ ಎತ್ತಿದಾಗ ಒಳಗಿನ ಸೆಕೆ ಮುಖಕ್ಕೆ ರಾಚಿತು. ಆಕೆಯ ಮೇಲೆ ಎರಡು ಕಂಬಳಿ. ಒಂದೇ ಇದ್ದಿರಬಹುದು, ಮಡಿಸಿ ಹೊದಿಸಿದ್ದಿರಬಹುದು.

"ಗಾಳಿ ಸೋಕ್ದಂಗೆ ಪೂರ್ತಿ ಮುಚ್ಚಿದೀನಿ ಸಿಸ್ಟರ್" ಅಂದ ಗಂಡ. ಮಾಡಬೇಕಾದ್ದನ್ನು ಮಾಡಿದವನ ದನಿ ಅದು.

ನಾನು ಕಂಬಳಿ ಎಳೆದೆ. ಆತ ಮತ್ತೆ ಮೇಲೆಳೆದ. "ನಡುಗ್ತಾ ಇದಾಳಲ್ರೀ! ತೆಗೀಬೇಡಿ!"

"ಇದು ಚಳಿಜ್ವರ ಅಲ್ಲ. ಬಿಸಿಲು ಬಡ್ದಿದೆ. ಬಿಡಿ."

"ಬಿಸಿಲಾ? ನಮ್ಮೂರಲ್ಲಾ?"

ಆತ ನಕ್ಕ ಎಂದೇ ನನ್ನ ನೆನಪು. ನಗುವ ಹೊತ್ತಾಗಿರಲಿಲ್ಲ, ಹಾಗಾಗಿ ಈ ನೆನಪೂ ಅನುಮಾನದ್ದೇ.

ಮೈಮೇಲೆ ಒದ್ದೆ ಬಟ್ಟೆ ಹಾಸಿದೆವು, ಡ್ರಿಪ್ ಹಾಕಿದೆವು, ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ ಕಂಕುಳಿಗೆ ಇಟ್ಟೆವು. ಎಕ್ಸ್‌ರೇ ಕವರಿನಿಂದ ಹಿರಿಯ ಸಿಸ್ಟರ್ ಗಾಳಿ ಬೀಸುತ್ತಲೇ ಇದ್ದರು. ಡಾಕ್ಟರು ತಮಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ಸಂಜೆಯೊಳಗೆ ಆಕೆ ತೀರಿಕೊಂಡಳು.

ಗಂಡ ಅಳಲಿಲ್ಲ. ಕಂಬಳಿಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು, "ನಾನು ತಡ ಏನೂ ಮಾಡಿಲ್ಲ ಅಲ್ವಾ ಸಿಸ್ಟರ್? ಹೊದಿಸಿ, ತಕ್ಷಣ ಜೀಪು ಹತ್ತಿಸ್ದೆ" ಅಂದ. ಆಗ ನಾನೋ ಅವರೋ ಆ ಮಾತು ಹೇಳಿದೆವು. ರೋಗಿಯ ಕಡೆಯವರಿಗೆ ಸುಳ್ಳು ಹೇಳಬಾರದು, ನೋವು ಮಾಡಬಾರದು ಎಂದು ಕಾಲೇಜಿನಲ್ಲಿ ಒಂದೇ ಉಸಿರಿನಲ್ಲಿ ಕಲಿಸಿದ್ದರು. ಆತ ಆ ರಾತ್ರಿ ಹೆಣದ ಜೊತೆ ಮನೆಗೆ ಹೋಗಬೇಕಿತ್ತು. ಆ ಮಾತು ಹಿಡಿದುಕೊಂಡು ಹೋಗಲಿ ಎಂದಿದ್ದಿರಬೇಕು.

ಮರುವರ್ಷ, ಮೆಣಸಿನ ಕೊಯ್ಲಿಗೆ ಮೊದಲು, ಹವಾಮಾನದ ಬಗ್ಗೆ ಜನರಿಗೆ ತಿಳಿಹೇಳುವ ಕಾರ್ಯಕ್ರಮ ಮಾಡುವುದೆಂದಾಯಿತು. ಅದೇ ಎಸ್ಟೇಟಿನ ಗೋಡೌನಿನಲ್ಲಿ. ಡಾಕ್ಟರು ನನ್ನನ್ನು ಕರೆದರು.

"ಹವಾಮಾನ ಬದಲಾವಣೆ ಅಂದ್ರೆ ಯಾರ ತಲೆಗೂ ಹೋಗಲ್ಲ. ನೀನು ಆ ಕಂಬಳಿ ಕೇಸ್ ಹೇಳು. ಹೆಸರು ಹೇಳ್ಬೇಡ ಅಷ್ಟೆ."

"ಅದೇ ತೋಟ ಸಾರ್. ಹೆಸರು ಯಾಕೆ ಬೇಕು? ಆ ಮನುಷ್ಯ ಅಲ್ಲೇ ಕೂತಿರ್ತಾರೆ."

ಡಾಕ್ಟರು, "ಹೇಳ್ದಿದ್ರೆ ಇನ್ನೊಬ್ರನ್ನ ಹೊದಿಸ್ಕೊಂಡು ಬರ್ತಾರೆ" ಅಂದರು. ಅದೂ ಸರಿಯಾಗಿತ್ತು.

ಮೊದಲು ಆತನಿಗೆ ಒಬ್ಬನಿಗೇ ಹೇಳಬೇಕೆಂದು ಆಳುಗಳ ಮನೆಗಳಿದ್ದ ಕೂಲಿ ಲೈನಿನವರೆಗೆ ಹೋದೆ. ಬಾಗಿಲು ಹಾಕಿತ್ತು. ಹೀಗೆ ಬರೆದುಬಿಟ್ಟೆ, ತಟ್ಟಿ ನೋಡಿದೆನೇ ಎಂದು ಕೇಳಿಕೊಂಡರೆ ಖಚಿತವಾಗಿ ಹೇಳಲಾರೆ.

ಗೋಡೌನಿನಲ್ಲಿ ಡಾಕ್ಟರು ಮೊದಲು ಚಿತ್ರಗಳನ್ನು ತೋರಿಸಿದರು. ಕರಗುವ ಮಂಜುಗಡ್ಡೆ, ಬಿರುಕುಬಿಟ್ಟ ಕೆರೆಯಂಗಳ, ಎಲ್ಲೋ ಮುಳುಗಿದ ಪಟ್ಟಣ.

"ಇದ್ರಲ್ಲಿ ಒಂದೂ ನಮ್ಮ ತೋಟದ ಫೋಟೋ ಇಲ್ವಲ್ಲ ಸಾರ್" ಅಂದಳು ಹಿಂದೆ ಕೂತಿದ್ದ ಒಬ್ಬ ಹೆಂಗಸು. ಎಲ್ಲರೂ ನಕ್ಕರು. "ಸುಮ್ನೆ ಕೂರೇ" ಎಂದು ಮೇಸ್ತ್ರಿ ಗದರಿದರು, ಅವರಿಗೂ ನಗು.

ಸತ್ತವಳ ಗಂಡ ಮುಂದಿನ ಸಾಲಿನಲ್ಲೇ ಇದ್ದ. ಗಡ್ಡ ಬಿಟ್ಟಿದ್ದ.

ನಾನು ಕೇಸ್ ಹೇಳಲಿಲ್ಲ. ಬಿಸಿಲು ಈಗ ನಮ್ಮೂರಲ್ಲೂ ಬಡಿಯುತ್ತದೆ, ಕಣದಲ್ಲಿ ಕೆಲಸ ಮಾಡುವವರು ತಲೆಸುತ್ತು ಬಂದು ಏನೇನೋ ಮಾತಾಡಿದರೆ ನೆರಳಿಗೆ ತನ್ನಿ, ಬಟ್ಟೆ ಸಡಿಲ ಮಾಡಿ, ನೀರು ಸುರಿಯಿರಿ, ಗಾಳಿ ಹಾಕಿ ಅಂದೆ. ಅಷ್ಟಕ್ಕೇ ನಿಲ್ಲಿಸಿ ಕೂತುಬಿಡಬಹುದಿತ್ತು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

"ಕಂಬಳಿ ಹೊದಿಸ್ಬೇಡಿ" ಅಂದೆ.

"ಹಂಗಾರೆ ಬಾಳೆ ಎಲೆ ಹೊದಿಸಾಣಾ ಸಿಸ್ಟರ್?" ಅದೇ ಹೆಂಗಸು. ಈ ಸಲ ನಕ್ಕವರು ಕಡಿಮೆ. ಕೆಲವರಿಗೆ ಆಗಲೇ ಹೊಳೆದಿತ್ತು. ಮುಂದಿನ ಸಾಲಿನ ಕಡೆ ನೋಡಬಾರದೆಂದು ನೆಲ ನೋಡುತ್ತಿದ್ದರು.

ಆತ ಎದ್ದು ನಿಂತ. "ನಡುಗ್ತಾ ಇದ್ರೂ?"

"ನಡುಗ್ತಾ ಇದ್ರೂ."

ಆತ ಕೂತ. ಕೊನೆಯವರೆಗೂ ಕೂತೇ ಇದ್ದ. ಚಹಾ ಕೊಟ್ಟಾಗ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ ಸಿಸ್ಟರ್?"

"ಗೊತ್ತಿತ್ತು."

"ನಮ್ಗೆ ಯಾರೂ ಹೇಳಿಲ್ಲ" ಅಂದ. ಬೈಗುಳದ ದನಿಯಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಯಾವುದೋ ಕೆಲಸಕ್ಕೆ ಕೂಗಿದರು, ಹೋದ.

ಆತ ಕೇಳಿದ್ದು ಯಾವ 'ಮೊದಲು' ಎಂದು ನನಗೆ ಗೊತ್ತಿಲ್ಲ. ಹೆಂಡತಿ ಕುಸಿಯುವುದಕ್ಕೆ ಮೊದಲೋ, ಒಳ್ಳೇದೇ ಆಯ್ತು ಎಂದು ನಾವು ಹೇಳುವುದಕ್ಕೆ ಮೊದಲೋ. ಕೇಳಲು ಮತ್ತೆ ಹೋಗಿಲ್ಲ. ಹೊದಿಸದೆ ಕರೆತಂದಿದ್ದರೆ ಆಕೆ ಬದುಕುತ್ತಿದ್ದಳೇ ಎಂದು ಡಾಕ್ಟರನ್ನು ಒಮ್ಮೆ ಕೇಳಿದೆ. ಗೊತ್ತಿಲ್ಲ ಅಂದರು. ನನಗೂ ಗೊತ್ತಿಲ್ಲ.